ಹದಿನಾಲ್ಕನೇ ತಾರೀಖಿನ ಸಾಲು

ಮಾರ್ಚ್ 24, ಸೋಮವಾರ

ನಮ್ಮ ಕುದುರೆ ಫಾರಂನ ಗುರುಬಸಪ್ಪ ಡಾಕ್ಟರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಸುದ್ದಿ ಕೇಳಿದಾಗ ಅವರಿಗಾಗಿ ಅಯ್ಯೋ ಅನ್ನುವ ಮೊದಲು ನನಗಾಗಿ ಅಯ್ಯೋ ಅಂದುಕೊಂಡೆ. ಇಂಥ ಬುದ್ಧಿ ನನ್ನದು. ಬರೆದಿಡುವುದಕ್ಕೆ ನಾಚಿಕೆ ಯಾಕೆ, ಇದನ್ನು ಓದುವವರು ಯಾರಿದ್ದಾರೆ.

ಕೆಂಗೇರಿಯಾಚೆ ಸೂಲಿಕೆರೆ ಕಡೆಯ ನಮ್ಮ ಸ್ಟಡ್ ಫಾರಂನಲ್ಲಿ ಇಪ್ಪತ್ತೆರಡು ಹೆಣ್ಣು ಕುದುರೆಗಳಿವೆ. ಬೆದೆಯ ಕಾಲ ನಡುಮಧ್ಯದಲ್ಲಿದೆ. ಇನ್ನು ಡಾಕ್ಟರು ಅಂತ ಇರುವವಳು ನಾನೊಬ್ಬಳೇ: ನಾಯಿ ಬೆಕ್ಕಿನ ಕ್ಲಿನಿಕ್ಕಿನಲ್ಲಿ ಎರಡು ವರ್ಷ ಕಳೆದು, ಕುದುರೆ ಮುಟ್ಟಲು ಶುರು ಮಾಡಿ ಎಂಟು ತಿಂಗಳಾದ ಸೌಮ್ಯಶ್ರೀ. ಆಸ್ಪತ್ರೆಯ ಹಾಸಿಗೆಯಿಂದಲೇ ಡಾಕ್ಟರು ಫೋನ್ ಮಾಡಿದ್ದರು. ದಿನಾ ಬೆಳಿಗ್ಗೆ ರಿಜಿಸ್ಟರಿನ ಪುಟದ ಫೋಟೋ ತೆಗೆದು ಕಳಿಸಬೇಕಂತೆ. "ಕಣ್ಣಿಂದ ನೋಡಿದ್ದನ್ನ ಮಾತ್ರ ಬರಿಯಮ್ಮ. ನಾನು ಇಲ್ಲಿ ಮಲಕ್ಕೊಂಡು ಅದನ್ನೇ ನಂಬಿ ಹೇಳಬೇಕು, ಯಾವುದಕ್ಕೆ ಏನು ಮಾಡಬೇಕು ಅಂತ," ಅಂದರು.

ಚಂದ್ರಾ ಲೇಔಟ್‌ನ ಮನೆಗೆ ಬಂದು ಜಯದೇವಿ ಚಿಕ್ಕಮ್ಮನ ಮುಂದೆ ಗೋಳು ತೋಡಿಕೊಂಡರೆ, ಗಂಡು ಹೆಣ್ಣು ಒಟ್ಟಿಗೆ ಬಿಟ್ಟರೆ ಆಯಿತಲ್ಲ, ಅದಕ್ಕೆ ಡಾಕ್ಟರು ಯಾಕೆ ಅಂತ ಕೇಳಿದರು. ಕೂತು ವಿವರಿಸಿದೆ. ತಳಿಯ ಗಂಡು ನಮ್ಮಲ್ಲಿಲ್ಲ, ಮಾಗಡಿಯಾಚೆಯ ದೊಡ್ಡ ಫಾರಂನಲ್ಲಿದೆ, ಅಲ್ಲಿ ಸರದಿ ಹಿಡಿಯಬೇಕು. ಹೆಣ್ಣಿನ ಅಂಡಾಶಯದ ಗುಳ್ಳೆ ಒಡೆದು ಅಂಡ ಹೊರಬಿದ್ದರೆ ಅದು ಬಾಳುವುದು ಅರ್ಧ ದಿನ. ಗಂಡಿನ ಬೀಜ ಬಾಳುವುದು ಹೆಚ್ಚುಕಮ್ಮಿ ಎರಡು ದಿನ. ಹಾಗಾಗಿ ಒಡೆಯುವುದಕ್ಕೆ ಒಂದು ದಿನ ಮುಂಚೆ ಹೆಣ್ಣು ಅಲ್ಲಿರಬೇಕು. ಸ್ಕ್ಯಾನ್ ಹಿಡಿದು ಗುಳ್ಳೆ ಅಳೆಯುವುದು, ಇಂಜೆಕ್ಷನ್ ಕೊಟ್ಟು ಅದು ಒಡೆಯುವ ಹೊತ್ತನ್ನು ಹೊಂದಿಸುವುದು ನನ್ನ ಕೆಲಸ. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿ, "ಇದನ್ನೆಲ್ಲ ಗಂಡಿನ ಕಡೆಯವರ ಮುಂದೆ ಹೇಳಬೇಡ ಕಣೇ," ಅಂದರು.

ಮಾರ್ಚ್ 27, ಗುರುವಾರ

ಮಾಲೀಕರು ಬಸವಲಿಂಗಪ್ಪನವರು ರಾಜಾಜಿನಗರದಿಂದ ಬಂದಿದ್ದರು. ಪಟ್ಟಿ ಹಿಡಿದು ಲಾಯ ಸುತ್ತಿದರು. ಹದಿನೇಳನೇ ನಂಬರಿನ ಮುಂದೆ ನಿಂತರು. ಬೂದು ಬಣ್ಣದ ಮುದಿ ಹೆಣ್ಣು, ಹತ್ತೊಂಬತ್ತು ವರ್ಷ, ಎರಡು ವರ್ಷದಿಂದ ಗಬ್ಬ ನಿಂತಿಲ್ಲ, ಈ ತಿಂಗಳ ಮೊದಲ ವಾರ ಒಮ್ಮೆ ಗಂಡು ಕೊಡಿಸಿದ್ದೂ ವ್ಯರ್ಥ. ಕಾಗದದಲ್ಲಿ ಅದಕ್ಕೆ ಯಾವುದೋ ಇಂಗ್ಲಿಷ್ ಹೆಸರಿದೆ. ಕುದುರೆ ನೋಡಿಕೊಳ್ಳುವ ಸೈಸ್ ಅಮೀನಪ್ಪ ಅದನ್ನು ಗುಬ್ಬವ್ವ ಅನ್ನುತ್ತಾನೆ. ಲಿಂಗಸುಗೂರು ಕಡೆಯವನು, ಅರವತ್ತರ ಹತ್ತಿರ, ಹನ್ನೆರಡು ವರ್ಷದಿಂದ ಇದೊಂದನ್ನೇ ನೋಡಿಕೊಂಡವನು.

ಈ ಸೀಸನ್‌ನಲ್ಲಿ ಗಬ್ಬ ನಿಲ್ಲದಿದ್ದರೆ ಮೈಸೂರು ರಸ್ತೆಯ ಮೆರವಣಿಗೆಯವರಿಗೆ ಕೊಟ್ಟುಬಿಡಿ ಅಂತ ಮಾಲೀಕರು ಹೇಳಿದರು. ಮದುವೆ ಮೆರವಣಿಗೆಗೆ ಕುದುರೆ ಒದಗಿಸುವ ಜನ ಅವರು. ರೇಸ್‌ನಲ್ಲಿ ಓಡಿದ ಕಾಲದಲ್ಲೇ ಅದರ ಮುಂಗಾಲೊಂದು ಕೆಟ್ಟಿದೆ. ಡಾಂಬರಿನ ಮೇಲೆ ಬ್ಯಾಂಡ್‌ಸೆಟ್ಟಿನ ಪಕ್ಕ ಅದು ಒಂದು ವರ್ಷ ಬಾಳಲಿಕ್ಕಿಲ್ಲ. ಅಮೀನಪ್ಪ ಅಲ್ಲೇ ನಿಂತು ಕೇಳಿಸಿಕೊಂಡ. ಯಾವಾಗಲೂ ಬಾಯಿಗೆ ಬೀಗವಿಲ್ಲದವನು ಇವತ್ತು ಬಕೆಟ್ ಎತ್ತಿಕೊಂಡು ಹೊರಗೆ ಹೋದ.

ಮೇ 7ಕ್ಕೆ ಮಾಗಡಿಯ ಫಾರಂನವರು ಈ ವರ್ಷದ ಬಾಗಿಲು ಮುಚ್ಚುತ್ತಾರೆ. ಅಷ್ಟರೊಳಗೆ ಅದಕ್ಕೆ ಒಂದು ಬೆದೆ, ತುಂಬಾ ಹಿಂಡಿದರೆ ಎರಡು.

ಏಪ್ರಿಲ್ 2, ಬುಧವಾರ

ಯುಗಾದಿಯ ಹೋಳಿಗೆ ತಿನ್ನುವಾಗಲೂ ಲಾಯದ್ದೇ ಯೋಚನೆ. ಇಂಜೆಕ್ಷನ್ ಫ್ರಿಜ್‌ನ ಬಾಗಿಲು ಸರಿಯಾಗಿ ಹಾಕಿದ್ದೇನಾ ಅಂತ ನಿನ್ನೆ ಕೆಂಗೇರಿವರೆಗೆ ಬಂದು ಸ್ಕೂಟರ್ ತಿರುಗಿಸಿಕೊಂಡು ವಾಪಸ್ ಹೋದೆ. ಹಾಕಿತ್ತು. ಇವತ್ತು ಮತ್ತೆ ಅನುಮಾನ ಬಂತು. ಮತ್ತೆ ಹೋದೆ. ಹಾಕಿತ್ತು.

ಅಮೀನಪ್ಪನ ಕಾಟ ಬೇರೆ. ನಾನು ಸ್ಕ್ಯಾನ್ ಹಿಡಿಯುವ ಮೊದಲೇ, ಇದು ನಾಳಿಗೆ ಒಡೀತೈತ್ರಿ, ಅದಕ್ಕ ಇನ್ನಾ ಮೂರು ದಿನ ಬೇಕ್ರಿ ಅಂತ ಭವಿಷ್ಯ ಹೇಳುತ್ತಾನೆ. ಕಿವಿ ಮುಟ್ಟಿ ನೋಡುತ್ತಾನೆ, ಟೀಸರ್ ಕುದುರೆಯನ್ನು, ಅಂದರೆ ಬೆದೆ ಪತ್ತೆಗಷ್ಟೇ ಇಟ್ಟ ಗಂಡನ್ನು, ಬೇಲಿಯಾಚೆ ತಂದು ನಿಲ್ಲಿಸಿ ಹೆಣ್ಣು ಬಾಲ ಹೇಗೆ ಎತ್ತುತ್ತದೆ ಅಂತ ನೋಡುತ್ತಾನೆ. ಪಾಪ ಆ ಟೀಸರ್, ಬೇಲಿಯಾಚೆಯಿಂದ ಮೂಸುವುದಷ್ಟೇ ಅದರ ಪಾಲಿನದು. ಡಿಗ್ರಿ ಓದಿ, ಲಕ್ಷಗಟ್ಟಲೆಯ ಮೆಷಿನ್ ಹಿಡಿದುಕೊಂಡು ನಾನು ಇವನ ಬಾಲಜ್ಯೋತಿಷ್ಯ ಕೇಳಬೇಕಾ? ನನ್ನ ಕೆಲಸ ನಾನು ನೋಡ್ಕೋತೀನಿ ಅಂತ ಇವತ್ತು ರೇಗಿದೆ. ಹೂಂ ಅಂದ. ಅವನು ಹೇಳಿದ ಮೂರರಲ್ಲಿ ಮೂರೂ ಸರಿ ಇತ್ತು ಅನ್ನೋದು ಇನ್ನೂ ಹೊಟ್ಟೆ ಉರಿಸುತ್ತದೆ.

ಏಪ್ರಿಲ್ 11, ಶುಕ್ರವಾರ

ಹದಿನೇಳು ಬೆದೆಗೆ ಬಂದಿದೆ. ಎಡಗಡೆ ಗುಳ್ಳೆ ಮೂವತ್ತಾರು ಮಿಲಿಮೀಟರ್. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಬೆಳಿಗ್ಗೆ ಎಂಟಕ್ಕೆ ಒಡೆಯುವ ಇಂಜೆಕ್ಷನ್ ಕೊಟ್ಟೆ. ಮಾಗಡಿ ಫಾರಂನವರು ನಾಳೆ ಹತ್ತಕ್ಕೆ ಸರದಿ ಕೊಟ್ಟರು. ಭಾನುವಾರ, ಇಲ್ಲ ಸೋಮವಾರ ಬೆಳಿಗ್ಗೆಯ ಹೊತ್ತಿಗೆ ಒಡೆದಿರಬೇಕು. ಸೋಮವಾರ ನೋಡಿದಾಗಲೂ ಒಡೆಯದೆ ನಿಂತಿದ್ದರೆ ಶನಿವಾರದ ಬೀಜ ಹಳಸಿದಂತೆ, ಅವತ್ತೇ ಮತ್ತೆ ಲಾರಿ ಹತ್ತಿಸಿ ಕಳಿಸಬೇಕು. ಫಾರಂನವರು ಅದಕ್ಕೂ ಒಪ್ಪಿದ್ದಾರೆ, ಸೋಮವಾರ ಮಧ್ಯಾಹ್ನದೊಳಗೆ ತಿಳಿಸಿದರೆ ಸಾಕಂತೆ.

ನನಗೂ ಒಂದು ಇಂಜೆಕ್ಷನ್. ಗಂಡಿನ ಕಡೆಯವರು ಸೋಮವಾರವೇ ನನ್ನನ್ನು ನೋಡಲು ಬರುತ್ತಾರೆ. ಅಂಬೇಡ್ಕರ್ ಜಯಂತಿ, ಎಲ್ಲರಿಗೂ ರಜೆ. ಕುದುರೆಗಳಿಗೆ ಇಲ್ಲ.

ಏಪ್ರಿಲ್ 12, ಶನಿವಾರ

ಕೊಡಿಸಿಕೊಂಡು ಬಂದೆವು. ಏನೂ ತೊಂದರೆಯಾಗಲಿಲ್ಲ. ದಾರಿಯುದ್ದಕ್ಕೂ ಅಮೀನಪ್ಪ ಲಾರಿಯ ಹಿಂದೆ ಕುದುರೆಯ ಪಕ್ಕದಲ್ಲೇ ನಿಂತಿದ್ದ. ತಾವರೆಕೆರೆಯಲ್ಲಿ ಟೀ ಕುಡಿಯಲು ಕೆಳಗಿಳಿಯಲು ಹೇಳಿದರೂ ಇಳಿಯಲಿಲ್ಲ.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ನಲವತ್ತೊಂದು. ಒಡೆದಿಲ್ಲ. ಇದು ಮಾಮೂಲೇ, ಸೋಮವಾರದೊಳಗೆ ಒಡೆಯುತ್ತದೆ. ಇಂಜೆಕ್ಷನ್ ಕೊಟ್ಟ ಹತ್ತರಲ್ಲಿ ಒಂಬತ್ತು ಹಾಗೇ ಒಡೆಯುತ್ತವೆ.

ಚಿಕ್ಕಮ್ಮ ಇಳಕಲ್ ಸೀರೆಗೆ ಇಸ್ತ್ರಿ ಹಾಕಿಸಿದ್ದಾರೆ. ಹುಡುಗನ ಹೆಸರು ಗಿರಿರಾಜ್, ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್, ಮನೆ ಅನ್ನಪೂರ್ಣೇಶ್ವರಿ ನಗರ. ಹತ್ತೂವರೆಗೆ ಬರುತ್ತಾರೆ. ಒಂಬತ್ತಕ್ಕೆ ನಾನು ಮನೆಯಲ್ಲಿರಬೇಕಂತೆ.

ಏಪ್ರಿಲ್ 14, ಸೋಮವಾರ

ಏನು ಮಾಡಿದೆ ಅಂತ ಇದ್ದದ್ದು ಇದ್ದ ಹಾಗೆ ಬರೆದುಬಿಡುತ್ತೇನೆ.

ಆರಕ್ಕೇ ಶುರು ಮಾಡಿದ್ದೆ. ಐದು ಕುದುರೆ ನೋಡುವುದಿತ್ತು. ಮೂರನೆಯದು ಸ್ಕ್ಯಾನಿಗೆ ನಿಲ್ಲಿಸುವ ಕಂಬಗಳ ನಡುವೆ ನಿಲ್ಲಲೊಲ್ಲದೆ ಮುಕ್ಕಾಲು ಗಂಟೆ ತಿಂದಿತು. ಹದಿನೇಳನ್ನು ಅಮೀನಪ್ಪ ತಂದು ನಿಲ್ಲಿಸುವಾಗ ಎಂಟೂ ಐವತ್ತು. ಅಷ್ಟರಲ್ಲಿ ಚಿಕ್ಕಮ್ಮನ ಮೂರನೇ ಫೋನು. ಸ್ಕ್ಯಾನ್ ಮೆಷಿನ್ ಆಗಲೇ ಆರಿಸಿದ್ದೆ. ಮತ್ತೆ ಅದನ್ನು ಹಾಕಿ, ಕೈಗವಸು ಹಾಕಿ, ಒಳಗೆ ಕೈ ಇಟ್ಟು ನೋಡಿ ಮುಗಿಸಲು ಹದಿನೈದು ನಿಮಿಷ. ಆಮೇಲೆ ಲದ್ದಿಯ ವಾಸನೆ ಹೋಗಲು ಹೇಗೂ ಎರಡು ಸಲ ಸ್ನಾನ.

ಅಮೀನಪ್ಪ ಹೇಳಿದ: "ಇನ್ನಾ ಒಡದಿಲ್ರಿ ಮೇಡಮ್ಮಾರ. ಮುಂಜಾನಿ ಟೀಸರಿಗೆ ಬಾಲ ಎತ್ತಿ ನಿಂತಿತ್ತು."

ಅವನು ಹೇಳಿದ್ದಕ್ಕೇ ಹೀಗೆ ಮಾಡಿದೆನೋ ಏನೋ. ರಿಜಿಸ್ಟರ್ ತೆಗೆದು ಹದಿನೇಳರ ಮುಂದೆ "ಎಡ: ಒಡೆದಿದೆ" ಅಂತ ಬರೆದು ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ ಸ್ಕೂಟರ್ ಹತ್ತಿದೆ. ಹತ್ತರಲ್ಲಿ ಒಂಬತ್ತು ಒಡೆದಿರುತ್ತದೆ. ಒಡೆದೇ ಇರುತ್ತದೆ.

ಗಿರಿರಾಜ್ ಒಳ್ಳೆಯವರ ಹಾಗೆ ಕಾಣುತ್ತಾರೆ. ಕುದುರೆ ಒದೆಯೋದಿಲ್ವಾ ಅಂತ ಕೇಳಿದರು. ನಾನು ಏನೋ ಹೇಳಿದೆ, ಎಲ್ಲರೂ ನಕ್ಕರು. ಏನು ಹೇಳಿದೆ ಅಂತ ನೆನಪಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಾಗಲೂ ತಲೆಯೊಳಗೆ ಆ ನಲವತ್ತೊಂದು ಮಿಲಿಮೀಟರಿನ ಕಪ್ಪು ಗುಂಡು ಹಾಗೇ ಕೂತಿತ್ತು. ಮಧ್ಯಾಹ್ನ ಹನ್ನೆರಡಾಯಿತು. ಮಾಗಡಿಗೆ ಫೋನ್ ಮಾಡುವ ಹೊತ್ತು ದಾಟಿತು.

ಏಪ್ರಿಲ್ 15, ಮಂಗಳವಾರ

ಇವತ್ತಾದರೂ ನೋಡಬಹುದಿತ್ತು. ನೋಡಲಿಲ್ಲ. ನೋಡಿ ಅದು ಇನ್ನೂ ಹಾಗೇ ಇದ್ದರೆ, ನಿನ್ನೆಯದು ಸುಳ್ಳು ಅಂತ ಡಾಕ್ಟರಿಗೆ ಹೇಳಲೇಬೇಕಾಗುತ್ತಿತ್ತು. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಟೀಸರ್ ಹತ್ತಿರ ಬಂದ ಕೂಡಲೇ ಹದಿನೇಳು ಕಿವಿ ಹಿಂದಕ್ಕೆ ಮಡಚಿ ಒದೆಯಲು ಹೋಯಿತು. ಬೆದೆ ಮುಗಿದಿದೆ. ಅಮೀನಪ್ಪ ಚಹಾಕ್ಕೆ ಹೋದಾಗ ಇನ್ನೊಬ್ಬ ಸೈಸನ್ನು ಕರೆದು ಹಿಡಿಸಿಕೊಂಡು ಕದ್ದು ಸ್ಕ್ಯಾನ್ ಮಾಡಿದೆ. ಒಡೆದಿದೆ.

ಯಾವಾಗ? ಭಾನುವಾರವೇ ಒಡೆದಿದ್ದರೆ ಕುಂದಿಲ್ಲ. ಮಂಗಳವಾರ ಒಡೆದಿದ್ದರೆ ಮೂರು ದಿನದ ಹಳೇ ಬೀಜ. ಅಂಥದ್ದರಲ್ಲೂ ಗಬ್ಬ ನಿಂತದ್ದಿದೆ, ಪುಸ್ತಕದಲ್ಲಿ ಓದಿದ್ದೇನೆ. ನಿಲ್ಲದೆ ಇರುವುದೇ ಹೆಚ್ಚು ಅಂತಲೂ ಅದೇ ಪುಸ್ತಕದಲ್ಲಿ ಓದಿದ್ದೇನೆ.

ಏಪ್ರಿಲ್ 20, ಭಾನುವಾರ

ಗಂಡಿನ ಕಡೆಯವರಿಗೆ ಒಪ್ಪಿಗೆಯಂತೆ. ಚಿಕ್ಕಮ್ಮ ಸಕ್ಕರೆ ಹಿಡಿದು ಬಂದರು. ಈ ತಿಂಗಳು ಮುಗಿಯಲಿ ಚಿಕ್ಕಮ್ಮ ಅಂದೆ. ಯಾಕೆ, ತಿಂಗಳಿಗೇನಾಗಿದೆ ಅಂದರು. ತಿಂಗಳಿಗೇನೂ ಆಗಿಲ್ಲ.

ಬೆಳಿಗ್ಗೆ ಲಾಯಕ್ಕೆ ಹೋದ ಕೂಡಲೇ ಮೊದಲು ಗುಬ್ಬವ್ವನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ನೋಡಿದರೆ ಗೊತ್ತಾಗುವ ವಿಷಯವಲ್ಲ ಇದು, ಆದರೂ ನಿಲ್ಲುತ್ತೇನೆ. ಅದು ನನ್ನ ಜೇಬು ಮೂಸುತ್ತದೆ. ಹಾಗಾಗಿ ಕ್ಯಾರೆಟ್ ತರಲು ಶುರು ಮಾಡಿದ್ದೇನೆ.

ಏಪ್ರಿಲ್ 23, ಬುಧವಾರ

ಡಾಕ್ಟರು ಬಸವೇಶ್ವರನಗರದ ಮನೆಗೆ ಬಂದಿದ್ದಾರೆ, ವಾಕರ್ ಹಿಡಿದು ನಡೆಯುತ್ತಾರೆ. ಫೋನಿನಲ್ಲಿ ಲೆಕ್ಕ ಹಾಕಿ ಹೇಳಿದರು. ಹದಿನಾಲ್ಕಕ್ಕೆ ಒಡೆದಿದೆ ಅಂತ ರಿಜಿಸ್ಟರಿನಲ್ಲಿದೆ. ಅಲ್ಲಿಂದ ಹದಿಮೂರನೇ ದಿನ ಇಪ್ಪತ್ತೇಳು, ಭಾನುವಾರ. ಅವತ್ತು ಸ್ಕ್ಯಾನ್ ಮಾಡಬೇಕು. ಗಬ್ಬ ಇದ್ದರೆ ಅಷ್ಟು ಹೊತ್ತಿಗೆ ಕಾಣಲೇಬೇಕು. ಕಾಣದಿದ್ದರೆ ಸೋಮವಾರ ಬೆಳಿಗ್ಗೆ ಬೆದೆ ತಿರುಗಿಸುವ ಇಂಜೆಕ್ಷನ್. ಅದು ಕೊಟ್ಟರೆ ಹೊಸ ಬೆದೆ ಬೇಗ ಬರುತ್ತದೆ, ಬಾಗಿಲು ಮುಚ್ಚುವ ಮೊದಲು ಕೊನೆಯ ಸರದಿ ಹಿಡಿಯಬಹುದು. ಒಂದು ದಿನವೂ ತಡ ಮಾಡುವ ಹಾಗಿಲ್ಲ.

ಲೆಕ್ಕ ಚೆನ್ನಾಗಿದೆ. ಬುಡದಲ್ಲಿರುವ ತಾರೀಖು ನನ್ನದು.

ಏಪ್ರಿಲ್ 27, ಭಾನುವಾರ

ಕಾಣಲಿಲ್ಲ.

ಮುದಿ ಗರ್ಭಕೋಶ, ಒಳಗೆ ನಾಲ್ಕು ಹಳೇ ನೀರುಗುಳ್ಳೆಗಳಿವೆ. ಅವುಗಳ ನಕ್ಷೆ ಡಾಕ್ಟರು ಬರೆದಿಟ್ಟದ್ದು ಗೋಡೆಯ ಮೇಲಿದೆ. ಆ ನಾಲ್ಕೂ ಕಂಡವು. ಎರಡನೆಯದರ ಪಕ್ಕದಲ್ಲಿ ಆರು ಮಿಲಿಮೀಟರಿನ ಒಂದು ಚುಕ್ಕೆ ಇದ್ದ ಹಾಗಿತ್ತು. ಮತ್ತೆ ಹುಡುಕಿದರೆ ಸಿಗಲಿಲ್ಲ. ಫೋನ್ ಮಾಡಿದೆ. ಹದಿಮೂರಕ್ಕೆ ಆರು ಮಿಲಿಮೀಟರ್ ಇರೋದಿಲ್ಲಮ್ಮ, ಹನ್ನೆರಡಾದರೂ ಇರಬೇಕು, ಅದು ಖಾಲಿ, ನಾಳೆ ಇಂಜೆಕ್ಷನ್ ಕೊಟ್ಟುಬಿಡು ಅಂದರು.

ಹದಿಮೂರನೇ ದಿನಕ್ಕೆ ಇರುವುದಿಲ್ಲ, ನಿಜ. ಹನ್ನೊಂದನೇ ದಿನಕ್ಕೆ ಆರೇ ಇರುತ್ತದೆ. ಮಂಗಳವಾರದ ಹೊತ್ತಿಗೆ ಒಡೆದಿದ್ದರೆ ಇವತ್ತು ಹನ್ನೊಂದೋ ಹನ್ನೆರಡೋ ದಿನ. ಆ ಇಂಜೆಕ್ಷನ್ ಕೊಟ್ಟರೆ ಒಳಗಿರುವುದು ಕರಗಿ ಹೋಗುತ್ತದೆ. ಕೊಡದೆ ಮೂರು ದಿನ ಕಾದು, ಕೊನೆಗೆ ಖಾಲಿ ಅಂತಾದರೆ, ಕೊನೆಯ ಸರದಿ ತಪ್ಪಿ ಗುಬ್ಬವ್ವ ಮೆರವಣಿಗೆಯವರ ಪಾಲು. ಕಾಯಬೇಕಾದರೆ ಯಾಕೆ ಕಾಯಬೇಕು ಅಂತ ಹೇಳಬೇಕು. ಸುಮ್ಮನೆ ಕೊಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮನೆಗೆ ಹೊರಟವಳು ನಾಗರಭಾವಿಯಲ್ಲಿ ತಿರುಗದೆ ನೇರ ಬಸವೇಶ್ವರನಗರಕ್ಕೆ ಹೋದೆ. ನಾಲ್ಕು ಗಂಟೆ. ಡಾಕ್ಟರು ವರಾಂಡದಲ್ಲಿ ಕಾಲು ಚಾಚಿ ಕೂತಿದ್ದರು. ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟೆ, ಕೂತರೆ ಆಗುತ್ತಿರಲಿಲ್ಲ.

"ಸಾರ್, ಹದಿನಾಲ್ಕನೇ ತಾರೀಖು ನಾನು ಗುಬ್ಬವ್ವನ್ನ ನೋಡಲಿಲ್ಲ. ನೋಡದೆ ಬರೆದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಯಾವಾಗ ಒಡೆಯಿತು ಅಂತ ಕೇಳಿದರು. ಭಾನುವಾರದಿಂದ ಬುಧವಾರದೊಳಗೆ, ಗೊತ್ತಿಲ್ಲ ಸಾರ್ ಅಂದೆ.

"ಅಮೀನಪ್ಪ ಏನಂದಿದ್ದ ಅವತ್ತು?"

"ಒಡೆದಿಲ್ಲ ಅಂದಿದ್ದರು."

"ಅವನು ಕಂಡಿದ್ದನ್ನ ಹೇಳಿದಾನೆ. ನೀನು ಕಾಣದ್ದನ್ನ ಬರೆದಿದೀಯ. ಈಗ ಇಂಜೆಕ್ಷನ್ ಕೊಡೋದೋ ಕಾಯೋದೋ ಅಂತ ನನ್ನ ಕೇಳಬೇಡ. ನನ್ನ ಹತ್ರ ಇರೋದು ನಿನ್ನ ಸುಳ್ಳು ಡೇಟು." ಆಮೇಲೆ, "ಬಸವಲಿಂಗಪ್ಪನವರಿಗೆ ನಾನು ಹೇಳ್ತೀನಿ. ಅಮೀನಪ್ಪನಿಗೆ ನೀನು ಹೇಳು. ಏನು ಮಾಡೋದು ಅಂತ ಅವನನ್ನೇ ಕೇಳು," ಅಂದರು.

ಒಳಗಿನಿಂದ ಕಾಫಿ ಬಂತು. ಕುಡಿಯದೆ ಎದ್ದು ಬಂದೆ.

ಏಪ್ರಿಲ್ 28, ಸೋಮವಾರ

ಆರು ಗಂಟೆಗೆ ಅಮೀನಪ್ಪ ಗುಬ್ಬವ್ವನ ಮೈ ಉಜ್ಜುತ್ತಿದ್ದರು. ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ಹದಿನಾಲ್ಕರ ಸಾಲು, ಚುಕ್ಕೆ, ಇಂಜೆಕ್ಷನ್, ಏಳನೇ ತಾರೀಖಿನ ಬಾಗಿಲು, ಯಾವುದನ್ನೂ ಬಿಡಲಿಲ್ಲ. ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ," ಅಂದರು.

ನಾನು ಅವರತ್ತ ತಿರುಗಿದೆ.

"ಅವತ್ತು ನೀವು ಕೈಗವಸ ಹಾಕಲಿಲ್ಲ. ನನಗ ಓದಾಕ ಬರಂಗಿಲ್ಲ ಖರೇ. ಆದ್ರ ನೀವು ಕೈ ಒಳಗ ಇಡಲಾರದ ಬರದದ್ದು ನೋಡೀನಿ."

ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದೆ.

"ಯಾರಿಗಂತ ಹೇಳ್ಲಿ? ಸೈಸ್ ಮಾತು ಒಂದು ಕಡೆ, ಕಲ್ತವರು ಬರದದ್ದು ಒಂದು ಕಡೆ. ಯಾವುದು ನಿಲ್ತೈತಿ? ನೀವಾ ಹೇಳ್ತೀರಿ ಅಂತ ಕಾದೆ. ಹದಿನಾಲ್ಕು ದಿನ ಆತ್ರಿ."

ಆಗ ಅಳು ಬಂತು. ಲಾಯದ ನಡುವೆ ನಿಂತು ಅತ್ತೆ, ಬೇರೆ ಸೈಸ್‌ಗಳು ನೋಡುತ್ತಿದ್ದರೂ ಅತ್ತೆ. ಅವರು ಸಮಾಧಾನವೇನೂ ಹೇಳಲಿಲ್ಲ. ಕುದುರೆಯ ಇನ್ನೊಂದು ಮಗ್ಗುಲಿಗೆ ಹೋಗಿ ಅಲ್ಲಿ ಉಜ್ಜತೊಡಗಿದರು. ನಾನು ಮುಖ ಒರೆಸಿಕೊಂಡ ಮೇಲೆ, ಏನು ಮಾಡೋಣ, ನೀವು ಹೇಳಿದ ಹಾಗೆ ಅಂತ ಕೇಳಿದೆ. ಅವರು ಗುಬ್ಬವ್ವನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಅಲ್ಲಿ ಕೈ ಇಟ್ಟರೆ ಏನೂ ತಿಳಿಯುವುದಿಲ್ಲ, ಅವರಿಗೂ ಅದು ಗೊತ್ತು.

"ಕಾಯೂಣ್ರಿ. ಒಳಗ ಇದ್ರ ಅದನ್ನ ಕೊಲ್ಲೂದು ಬ್ಯಾಡ."

ರಿಜಿಸ್ಟರಿನಲ್ಲಿ ಹದಿನಾಲ್ಕರ ಸಾಲನ್ನು ಹೊಡೆದು, ಪಕ್ಕದಲ್ಲಿ "ಪರೀಕ್ಷಿಸಿಲ್ಲ. ಒಡೆದಿಲ್ಲವೆಂದು ಸೈಸ್ ಅಮೀನಪ್ಪ ತಿಳಿಸಿದ್ದರು" ಎಂದು ಕೆಂಪು ಇಂಕಿನಲ್ಲಿ ಬರೆದು ಸಹಿ ಹಾಕಿದೆ. ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಮಧ್ಯಾಹ್ನ ಮಾಲೀಕರ ಫೋನು. ಸೀಸನ್ ನಡುವೆ ಬೇರೆ ಡಾಕ್ಟರ್ ಸಿಗೋದಿಲ್ಲ, ಅದಕ್ಕೆ ನಿನ್ನ ಇಟ್ಕೊಂಡಿದೀನಿ, ಇಲ್ಲದಿದ್ರೆ ಇವತ್ತೇ ಕಳಿಸ್ತಿದ್ದೆ ಅಂದರು. ಹೂಂ ಸಾರ್ ಅಂದೆ.

ಏಪ್ರಿಲ್ 29, ಮಂಗಳವಾರ

ಕ್ಯಾರೆಟ್ ತಿಂದಿತು. ಅಷ್ಟೇ.

ಚಿಕ್ಕಮ್ಮನಿಗೆ ಇವತ್ತು ಎಲ್ಲ ಹೇಳಿದೆ. ನನ್ನ ಫೋನಿಂದಲೇ ಹೀಗಾಯಿತಲ್ಲೇ ಅಂತ ಅತ್ತರು. ನಿಮ್ಮ ಫೋನಿಂದ ಅಲ್ಲ ಚಿಕ್ಕಮ್ಮ, ಹದಿನೈದು ನಿಮಿಷ ತಡವಾಗುತ್ತೆ ಅಂತ ನಿಮಗೆ ಹೇಳಬಹುದಿತ್ತು, ನಾನು ಹೇಳಲಿಲ್ಲ ಅಂದೆ.

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ವಿಜಯನಗರದಲ್ಲಿ ಬೆಳಿಗ್ಗೆಯೇ ಮೈಕು ಕಟ್ಟುತ್ತಿದ್ದರು. ಚಿಕ್ಕಮ್ಮ ಕೊಟ್ಟ ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗ ಎದೆಗೊತ್ತಿಕೊಂಡು ಹೊರಟೆ. ದೇವರನ್ನು ಏನು ಕೇಳಿದೆ ಅಂತ ಬರೆಯುವುದಿಲ್ಲ.

ಅಮೀನಪ್ಪನವರು ತಂದು ನಿಲ್ಲಿಸಿದರು. ಮೆಷಿನ್ನಿನ ಪರದೆಯನ್ನು ಅವರಿಗೂ ಕಾಣುವ ಹಾಗೆ ತಿರುಗಿಸಿಟ್ಟೆ. ಇವತ್ತು ಯಾವ ಲೆಕ್ಕದಲ್ಲಿ ನೋಡಿದರೂ ಹದಿನಾಲ್ಕು ದಿನವಾದರೂ ಆಗಿದೆ. ಇದ್ದರೆ ನೆಲ್ಲಿಕಾಯಿಯಷ್ಟು ದುಂಡಗೆ, ಕಪ್ಪಗೆ ಕಾಣಬೇಕು, ತಪ್ಪಿಹೋಗುವ ಮಾತೇ ಇಲ್ಲ. ಬಲಗಡೆ ತುದಿಯಿಂದ ಶುರು ಮಾಡಿದೆ. ಮೊದಲನೇ ನೀರುಗುಳ್ಳೆ. ಎರಡನೆಯದು. ಅದರ ಪಕ್ಕ ಚುಕ್ಕೆ ಕಂಡ ಜಾಗ. ಅಲ್ಲಿ ಏನೂ ಇರಲಿಲ್ಲ. ಮೂರನೆಯದು, ನಾಲ್ಕನೆಯದು. ಎಡಗಡೆ ತುದಿ. ಮತ್ತೆ ಹಿಂದಕ್ಕೆ. ಮೂರು ಸಲ ನೋಡಿದೆ. ಕೈ ಮರಗಟ್ಟಿತು. ನಾಲ್ಕನೇ ಸಲ ಶುರು ಮಾಡಿದಾಗ ಅಮೀನಪ್ಪನವರು, ಸಾಕ್ರಿ, ಅದಕ್ಕ ನೋವಾಕ್ಕೈತಿ ಅಂದರು.

ಖಾಲಿ.

ಮಾಗಡಿಗೆ ಫೋನ್ ಮಾಡಿ ನಾಲ್ಕು ದಿನ ಹೆಚ್ಚಿಗೆ ಕೊಡಿ ಅಂತ ಬೇಡಿಕೊಂಡೆ. ಆಗುವುದಿಲ್ಲ, ಎಂಟಕ್ಕೆ ಗಂಡನ್ನು ಬೇರೆ ಕಡೆ ಸಾಗಿಸುತ್ತಿದ್ದೇವೆ ಅಂದರು. ಸೋಮವಾರ ಇಂಜೆಕ್ಷನ್ ಕೊಟ್ಟಿದ್ದರೆ ಇವತ್ತು ಬೆದೆಯ ದಾರಿಯಲ್ಲಿರುತ್ತಿತ್ತು. ಹದಿನಾಲ್ಕಕ್ಕೆ ನೋಡಿದ್ದರೆ ಈ ಇಂಜೆಕ್ಷನ್ನೇ ಬೇಕಾಗುತ್ತಿರಲಿಲ್ಲ. ಕಾಯೋಣ ಅಂದವರು ಅಮೀನಪ್ಪನವರು. ಅವರಿಗೆ ಆ ಮಾತು ಬರುವ ಹಾಗೆ ಮಾಡಿದವಳು ನಾನು.

ಮೇ 3, ಶನಿವಾರ

ಹನ್ನೊಂದಕ್ಕೆ ಮೆರವಣಿಗೆಯವರ ಗಾಡಿ ಬಂತು. ಅಮೀನಪ್ಪನವರು ತೊಳೆದು, ಬಾಲ ಬಾಚಿ, ಕೆಟ್ಟ ಮುಂಗಾಲಿಗೆ ಬಟ್ಟೆ ಸುತ್ತಿ ತಂದರು. ಗಾಡಿಯವನಿಗೆ ಆ ಕಾಲನ್ನು ತೋರಿಸಿ ತುಂಬಾ ಹೊತ್ತು ಏನೇನೋ ಹೇಳಿದರು. ಅವನು ಆಗಲಿ ಆಗಲಿ ಅನ್ನುತ್ತಲೇ ಫೋನ್ ನೋಡುತ್ತಿದ್ದ. ಜೊತೆಗೆ ನಾನೂ ಬರ್ತೀನಿ ಅಂತ ಇವರು ಕೇಳಿದರಂತೆ. ಅವರಲ್ಲಿ ಆಳು ಸಾಕಷ್ಟಿದ್ದಾರಂತೆ.

ಗುಬ್ಬವ್ವ ಹಲಗೆ ಹತ್ತಲು ತಕರಾರು ಮಾಡಲಿಲ್ಲ. ಅದಕ್ಕೆ ಗಾಡಿ ಹತ್ತಿ ಅಭ್ಯಾಸವಿದೆ. ಗಾಡಿ ಗೇಟು ದಾಟುವವರೆಗೂ ಅಮೀನಪ್ಪನವರು ಖಾಲಿ ಹಗ್ಗ ಹಿಡಿದು ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ. ಹೋಗಿ ಏನು ಹೇಳಬೇಕಿತ್ತು?

ಗಿರಿರಾಜ್ ಸಂಜೆ ಫೋನ್ ಮಾಡಿದ್ದರು. ಅವರಿಗೂ ಎಲ್ಲ ಹೇಳಿದೆ. ಮದುವೆಗೆ ಮುಂಚೆ ಹೀಗೆಲ್ಲ ಹೇಳಬಾರದು ಅಂತ ಚಿಕ್ಕಮ್ಮ ಅಡುಗೆಮನೆಯಿಂದ ಕೈಸನ್ನೆ ಮಾಡುತ್ತಿದ್ದರು. ಗಿರಿರಾಜ್ ಕೇಳಿಸಿಕೊಂಡು, ಯೋಚನೆ ಮಾಡಿ ನಾಳೆ ಫೋನ್ ಮಾಡ್ತೀನಿ ಅಂತ ಇಟ್ಟರು. ಮಾಡಲಿ, ಬಿಡಲಿ.

ಮೇ 6, ಮಂಗಳವಾರ

ಬೆಳಿಗ್ಗೆ ಆರೂ ಹತ್ತು. ಮಾಲೀಕರು ಅಮೀನಪ್ಪನವರನ್ನು ಒಂಬತ್ತನೇ ನಂಬರಿಗೆ ಹಾಕಿದ್ದಾರೆ. ಎಳೇ ಹೆಣ್ಣು, ಕಂದು ಬಣ್ಣ, ಮೊದಲನೇ ಬೆದೆ, ಮುಟ್ಟಿದರೆ ಬೆಚ್ಚುತ್ತದೆ. ಅವರು ಅದನ್ನು ಕಂಬಗಳ ನಡುವೆ ತಂದು ನಿಲ್ಲಿಸಿ, ತಲೆಯ ಪಕ್ಕ ನಿಂತು ಕತ್ತು ಸವರುತ್ತಿದ್ದರು. ಮೊದಲಾಗಿದ್ದರೆ ಅಷ್ಟರಲ್ಲಿ ನಾಲ್ಕು ಮಾತು ಹೇಳಿರುತ್ತಿದ್ದರು. ನಾನು ತಾರೀಖು ಬರೆದೆ, ನಂಬರು ಬರೆದೆ. ತಡೆಯಲಾಗದೆ ನಾನೇ ಕೇಳಿದೆ.

"ಅಮೀನಪ್ಪಣ್ಣ, ನಿಮಗೆ ಏನನ್ನಿಸ್ತದೆ? ಒಡೆಯೋದು ಇವತ್ತಾ, ನಾಳೆಯಾ?"

ಅವರು ಕುದುರೆಯ ಕಿವಿ ನೋಡಿದರು, ಬಾಲ ನೋಡಿದರು. ಅವರಿಗೆ ಗೊತ್ತಾಗಿತ್ತು, ಅದು ನನಗೂ ಕಂಡಿತು.

"ನೀವು ನೋಡ್ರಿ ಮೇಡಮ್ಮಾರ," ಅಂದರು. "ನೀವು ನೋಡಿ ಬರೀರಿ. ನಾ ಹೇಳೂದೇನೈತಿ."

ನೋಡಿದೆ. ಬಲಗಡೆ, ಮೂವತ್ತೇಳು. ಅನುಮಾನವಾಗಿ ಮತ್ತೊಮ್ಮೆ ಅಳೆದೆ, ಮೂವತ್ತೇಳೇ. ಬರೆದೆ. ಬರೆದು ತಲೆಯೆತ್ತಿ ಅವರು ಏನಾದರೂ ಹೇಳುತ್ತಾರೇನೋ ಅಂತ ಕಾದೆ. ಅವರು ಹಗ್ಗ ಬಿಚ್ಚಿ ಕುದುರೆ ಹಿಡಿದುಕೊಂಡು ಹೋದರು.